ಸತ್ತವರ ಕಟ್ಟೆ

ದ್ರೊಹೊಬಿಚ್,
12 ಮಾರ್ಚ್ 2023

ಮಾರ್ಕೊ,

ನಿನ್ನ ಕಾಗದವನ್ನು ಸ್ಲಾವ್ಕಾ ತಂದುಕೊಟ್ಟಳು. ಆ ಹೆಂಗಸು ವ್ಯಾನು ನಿಲ್ಲಿಸುವ ಮೊದಲೇ ಹಾರನ್ ಬಾರಿಸುತ್ತಾಳೆ, ಬೀದಿಯವರಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ನಾನು ಫೋನು ಮಾಡಲಿಲ್ಲ ಎಂದು ತಪ್ಪು ತಿಳಿಯಬೇಡ. ಮಗನನ್ನು ಮಣ್ಣು ಮಾಡಿ ಬಂದ ದಿನದಿಂದ ಫೋನು ಹಿಡಿದರೆ ಬೆರಳು ಅವನ ನಂಬರನ್ನೇ ಒತ್ತುತ್ತದೆ, ಬರೆಯುವುದಾದರೆ ಪರವಾಗಿಲ್ಲ. ನೀವಿರುವ ಕಡೆ ಫೋನು ಹಚ್ಚುವ ಹಾಗೂ ಇಲ್ಲವಂತೆ. ಇನ್ನು ಮೇಲೆ ಅವಳು ಸೈನಿಕರಿಗೆ ಸಾಮಾನು ಸಾಗಿಸುವ ವ್ಯಾನೇ ನಮಗೆ ಅಂಚೆ.

ನೆಸ್ತೊರ್ ಶೆಲ್ ಬಿದ್ದು ಹೋದ, ತಟ್ಟನೆ ಹೋದ, ಅವನಿಗೆ ಏನೂ ಗೊತ್ತಾಗಲಿಲ್ಲ ಎಂದು ಬರೆದಿದ್ದೀಯ. ಸ್ತೆಫಾಳಿಗೆ ಓದಿ ಹೇಳಿದೆ. "ಓದಿದ್ದಾಯ್ತಲ್ಲ, ಈಗ ಆ ಗ್ಯಾರೇಜಲ್ಲಿರೋ ದರಿದ್ರಗಳನ್ನೆಲ್ಲ ತಗೊಂಡೋಗಿ ಸುಡು. ನನ್ನ ಮಗ ಅದರಲ್ಲಿ ಆಟ ಆಡ್ತಾ ಆಡ್ತಾನೇ ಯುದ್ಧಕ್ಕೆ ಹೋಗಿದ್ದು" ಅಂದಳು. ಹೆತ್ತವಳು. ಎದುರಾಡಲಿಲ್ಲ. ಸುಡಲೂ ಇಲ್ಲ.

ನಿನ್ನೆ ಗ್ಯಾರೇಜಿನ ಬಾಗಿಲು ತೆಗೆದೆ. ಗೋಡೆಯ ತುಂಬ ನಮ್ಮ ಆಟದ ಕ್ಲಬ್ಬಿನ ನಕಲು ಬಂದೂಕುಗಳು, ಎಲ್ಲದರ ಮೇಲೂ ಧೂಳು. ನೆಸ್ತೊರ್‌ನ ಮೊಸಿನ್ ಕಾರ್ಬೈನು, ಹಳೆಯ ಯುದ್ಧದ ಬಂದೂಕಿನ ನಕಲು, ಅರ್ಧಕ್ಕೆ ನಿಂತಿದೆ. ಕಾರ್ಖಾನೆಯವರು ಹಾಕಿದ ಪ್ಲಾಸ್ಟಿಕ್ ಬುಡ ಕಿತ್ತು ಅಕ್ರೋಟದ ಮರದಲ್ಲಿ ಹೊಸದು ಕೆತ್ತಿದ್ದೆ, ನಳಿಗೆಯ ಮೇಲಿನ ಕಂಪನಿಯ ಮುದ್ರೆ ತಿಕ್ಕಿ ಅಳಿಸಿದ್ದೆ. ಇನ್ನು ಉಕ್ಕಿನ ನಾರು ನೆನೆಸಿದ ವಿನೆಗರ್ ಬಳಿದು ಮರವನ್ನು ಕಪ್ಪಗೆ ಮಾಡಬೇಕು, ಅಗಸೆ ಎಣ್ಣೆ ಕುಡಿಸಬೇಕು. ಆ ಯುದ್ಧವೆಲ್ಲ ಯಾರೋ ಗುರಿಯಿಡುತ್ತ ಕೆನ್ನೆ ಒತ್ತಿದ ಹಾಗೆ ಎಡಗಡೆ ಸ್ವಲ್ಪ ಸವೆಸಬೇಕು. "ಅಪ್ಪಾ, ಪ್ಲಾಸ್ಟಿಕ್ ಗುಂಡು ಉಗುಳೋ ಆಟಿಕೆಗೆ ಇಷ್ಟೊಂದು ಸಿಂಗಾರನಾ? ಮದುವೆ ಮಾಡಿ ಕಳಿಸ್ತೀಯೇನು?" ಅಂತಿದ್ದ. ರಜೆಗೆ ಬಂದಾಗ ಕೈಗೆ ಕೊಡುತ್ತೇನೆ ಅಂದಿದ್ದೆ.

ಅವನ ಪಕ್ಕ ಯಾರಿದ್ದರು? ಕೊನೆಗೆ ಏನಾದರೂ ಅಂದನೆ? ಅಷ್ಟು ಬರಿ ಸಾಕು. ಕಾಲುಚೀಲ ಕಳಿಸಿದ್ದೇನೆ, ಸ್ತೆಫಾ ಹೆಣೆದದ್ದು. ಅವನಿಗೆ ಅಂತ ಶುರು ಮಾಡಿದ್ದು, ನಿನಗೆ ಸ್ವಲ್ಪ ದೊಡ್ಡದಾದೀತು.

ಝೆನೋವಿ


2 ಏಪ್ರಿಲ್ 2023
(ಎಲ್ಲಿಂದ ಎಂದು ಬರೆಯುವ ಹಾಗಿಲ್ಲ)

ಝೆನೋವಿ ಮಾಮ,

ಕಾಲುಚೀಲ ಸಿಕ್ಕಿತು. ಒಳಗೆ ಇನ್ನೊಂದು ಜೊತೆ ಹಾಕಿಕೊಂಡರೆ ಸರಿಹೋಗುತ್ತದೆ. ಅತ್ತೆಗೆ ಹೇಳಿ, ಇಡೀ ತುಕಡಿಯಲ್ಲಿ ಬೆಚ್ಚಗಿರುವ ಕಾಲು ನನ್ನದೊಂದೇ.

ಇಲ್ಲಿ ಕೆಸರೋ ಕೆಸರು. ಬೂಟು ಎತ್ತಿದರೆ ಅಂಗಳವೇ ಜೊತೆಗೆ ಏಳುತ್ತದೆ. ಇಲಿಗಳು ಮೇಣದಬತ್ತಿಯನ್ನೂ ಬಿಡುತ್ತಿಲ್ಲ. ನನಗೆ ಕೊಟ್ಟಿರುವ ನಿಜವಾದ ಕಲಾಶ್ನಿಕೊವ್ ನಿಮ್ಮ ಗೋಡೆಯ ಮೇಲಿನ ನಕಲಿಗಿಂತ ನಕಲಾಗಿ ಕಾಣುತ್ತದೆ ಮಾಮ. ಮರದ ಮೇಲಿನ ವಾರ್ನಿಷು ಸಿಪ್ಪೆ ಸಿಪ್ಪೆ ಏಳುತ್ತಿದೆ. ಮೊನ್ನೆ ಉಪ್ಪುಕಾಗದ ಹಿಡಿದು ತಿಕ್ಕುತ್ತ ಕೂತಿದ್ದೆ. ಕಮಾಂಡರ್ ಬಂದು "ಏನಯ್ಯಾ, ಗುಂಡು ಹಾರಿಸೋ ಮುಂಚೆ ಪಾಲಿಶ್ ಮಾಡ್ಬೇಕು ಅಂತ ಯಾವ ಶಾಸ್ತ್ರದಲ್ಲಿದೆ?" ಅಂದರು. "ನಮ್ಮೂರಲ್ಲೊಬ್ರು ಮಾಮ ಇದ್ದಾರೆ ಸಾರ್, ಇದನ್ನ ಈ ಗತೀಲಿ ನೋಡಿದ್ರೆ ನನ್ನನ್ನ ಕ್ಲಬ್ಬಿಂದ ಓಡಿಸ್ತಾರೆ" ಅಂದೆ.

ನೀವು ಕೇಳಿದ್ದಕ್ಕೆ. ಪಕ್ಕದಲ್ಲಿ ನಾನೇ ಇದ್ದೆ. ಅವನು ಏನೂ ಅನ್ನಲಿಲ್ಲ. ಶೆಲ್ ಬಿದ್ದರೆ ಮಾತಾಡಲು ಪುರಸೊತ್ತು ಇರುವುದಿಲ್ಲ. ಬೆಳಿಗ್ಗೆ ಇಬ್ಬರೂ ಒಂದೇ ಡಬ್ಬದಲ್ಲಿ ಗಂಜಿ ತಿಂದಿದ್ದೆವು, ಉಪ್ಪಿಲ್ಲ ಅಂತ ಅವನು ಗೊಣಗಿದ್ದ. ಅಷ್ಟೇ.

ಕಾರ್ಬೈನು ಸುಡಬೇಡಿ. ಎಣ್ಣೆ ಕುಡಿದ ಮೇಲೆ ಬಣ್ಣ ಹೇಗೆ ಬಂತು ಬರೆಯಿರಿ.

ನಿಮ್ಮ ಮಾರ್ಕೊ


ದ್ರೊಹೊಬಿಚ್,
25 ಏಪ್ರಿಲ್ 2023

ಮಾರ್ಕೊ,

ಬಣ್ಣ ಚೆನ್ನಾಗಿ ಬಂತು. ಆ ಮಾತು ಆಮೇಲೆ.

ಈಸ್ಟರ್ ಮುಗಿದ ಭಾನುವಾರ ಎಲ್ಲರ ಹಾಗೆ ನಾವೂ ಸಮಾಧಿಗೆ ಊಟ ಕಟ್ಟಿಕೊಂಡು ಹೋಗಿದ್ದೆವು. ಅಲ್ಲಿ ಒಬ್ಬ ಬಂದು ಕೈ ಹಿಡಿದುಕೊಂಡ. ನೆಸ್ತೊರ್‌ನ ಹೆಣ ತೊಳೆದು ಬಟ್ಟೆ ಹಾಕಿದವನಂತೆ. ನಮಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ, ನಾವು ಮುಖ ನೋಡಿಲ್ಲ. ಸಮಾಧಾನ ಮಾಡೋಣ ಅಂತ ಪಾಪ ಅವನು ಹೇಳಿದ: "ಮುಖ ಹಾಗೇ ಇತ್ತು ಸ್ವಾಮಿ, ಮಲಗಿದ ಹಾಗೆ. ಎದೆಗೆ ಒಂದೇ ಒಂದು ಗುಂಡು. ತೋಳಲ್ಲೊಂದು ಗೀರು ಇತ್ತು, ಅದೇನೂ ದೊಡ್ಡದಲ್ಲ."

ಶೆಲ್ ಎಲ್ಲಿ ಹೋಯಿತು ಮಾರ್ಕೊ?

ಅಂದಿನಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿದೆ. ಗೆಳೆಯನಾದವನು ಗೆಳೆಯನ ಅಪ್ಪನಿಗೆ ಯಾಕೆ ಸುಳ್ಳು ಹೇಳುತ್ತಾನೆ? ಸತ್ತವನ ಮಾನ ಮುಚ್ಚಲಿಕ್ಕೆ. ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಓಡಿದನೆ? ನಿಮ್ಮನ್ನೆಲ್ಲ ಅಲ್ಲೇ ಬಿಟ್ಟು ಎದ್ದು ಓಡಿದನೆ?

ಅವನು ಹದಿಮೂರರವನಿದ್ದಾಗ ತ್ರುಸ್ಕಾವೆಟ್ಸ್ ಕಾಡಿನಲ್ಲಿ ನಡೆದ ಆಟ ನಿನಗೂ ನೆನಪಿರಬೇಕು. ಬೆನ್ನಿಗೆ ಗುಂಡು ಬಿದ್ದರೂ ಬಿದ್ದಿಲ್ಲ ಅಂದುಬಿಟ್ಟ. ನಮ್ಮ ಏರ್‌ಸಾಫ್ಟ್ ಆಟದಲ್ಲಿ ರೆಫರಿ ಇಲ್ಲ, ಪ್ಲಾಸ್ಟಿಕ್ ಗುಂಡು ಕಲೆ ಬಿಡುವುದಿಲ್ಲ. ಗುಂಡು ಬಿದ್ದವನೇ ಎದ್ದು ನಿಂತು ಕೈ ಎತ್ತಿ "ಬಿತ್ತು" ಅನ್ನಬೇಕು, ಇಲ್ಲವಾದರೆ ಅದು ಆಟವೇ ಅಲ್ಲ. ಅವತ್ತು ನಾನು ಎಲ್ಲರೆದುರು ಅವನ ಕಿವಿ ಹಿಂಡಿ, ತಲೆಗೆ ಕೆಂಪು ಬಟ್ಟೆ ಕಟ್ಟಿ, ಆಟದಿಂದ ಹೊರಬಿದ್ದವರು ಕೂರುವ ಸತ್ತವರ ಕಟ್ಟೆಯ ಮೇಲೆ ಸಂಜೆಯವರೆಗೂ ಕೂರಿಸಿದೆ. ಒಂದು ಲೋಟ ಚಹಾ ಕೊಡಲಿಲ್ಲ. ಆಮೇಲೆ ಅವನು ಯಾವತ್ತೂ ಮುಚ್ಚಿಡಲಿಲ್ಲ. ಬೂಟಿನ ಹಿಮ್ಮಡಿಗೆ ತಾಕಿದ್ದು ಅವನೊಬ್ಬನಿಗೇ ಗೊತ್ತಿದ್ದರೂ ಎದ್ದು ನಿಲ್ಲುತ್ತಿದ್ದ, ಕೈ ಎತ್ತುತ್ತಿದ್ದ, ಜೇಬಿನಿಂದ ಕೆಂಪು ಬಟ್ಟೆ ತೆಗೆದು ಕಟ್ಟಿಕೊಂಡು ತಾನೇ ಕಟ್ಟೆಗೆ ನಡೆಯುತ್ತಿದ್ದ. ಅಂಥವನು ಓಡಿದ ಅಂದರೆ ನಾನು ನಂಬಲಾರೆ. ನೀನು ಸುಳ್ಳು ಹೇಳುತ್ತೀ ಅಂದರೂ ನಂಬುತ್ತಿರಲಿಲ್ಲ, ಈಗ ಅದನ್ನು ನಂಬಬೇಕಾಗಿದೆ.

ನಿಜ ಬರಿ. ಹೇಡಿಯಾಗಿದ್ದರೂ ಅವನು ನನ್ನ ಮಗನೇ.

ಝೆನೋವಿ


14 ಮೇ 2023

ಮಾಮ,

ಅವನು ಓಡಲಿಲ್ಲ. ಗುಂಡು ಮುಂದಿನಿಂದ ಬಂತು, ಎದೆಗೇ ಬಂತು. ನಮ್ಮಮ್ಮನಾಣೆ.

ಶೆಲ್ ಅಂತ ಬರೆದದ್ದು ನಾನೇ, ನಿಮಗೆ ನೋವು ಕಡಿಮೆಯಾಗಲಿ ಅಂತ. ತಪ್ಪಾಯಿತು. ಅವನಲ್ಲಿ ಹೇಡಿತನ ಒಂದು ಕಾಳಿನಷ್ಟೂ ಇರಲಿಲ್ಲ, ಬೇಕಾದರೆ ಇಲ್ಲಿರುವ ಯಾರನ್ನಾದರೂ ಕೇಳಿ. ಇದಕ್ಕಿಂತ ಹೆಚ್ಚು ಕೇಳಬೇಡಿ. ಕೈ ಮುಗಿಯುತ್ತೇನೆ.

ಮಾರ್ಕೊ


ದ್ರೊಹೊಬಿಚ್,
4 ಜೂನ್ 2023

ಮಾರ್ಕೊ ಮಗನೇ,

ನಿನ್ನ ನಾಲ್ಕು ಸಾಲು ಓದಿದ ಮೇಲೆ ಹೊಟ್ಟೆಗೆ ಅನ್ನ ಇಳಿಯಿತು. ಎದೆಗೆ ಬಿತ್ತು ಅಂದೆಯಲ್ಲ, ಅಷ್ಟು ಸಾಕು. ಸ್ತೆಫಾಳಿಗೂ ಹೇಳಿದೆ, ಅತ್ತಳು. ಅತ್ತದ್ದು ಒಳ್ಳೆಯದಾಯಿತು. ನಿನ್ನ ಮೇಲೆ ಸಿಟ್ಟಿಲ್ಲ, ಕತ್ತೆ. ಮುದುಕನಿಗೆ ನೋವಾಗುತ್ತದೆ ಅಂತ ಶೆಲ್ ಹುಟ್ಟಿಸಿಕೊಂಡು ಬಂದೆಯಲ್ಲ.

ಈಗ ಸುದ್ದಿ ಕೇಳು. ಕರೆ ಬಂದು ಇನ್ನು ಸ್ವಲ್ಪ ದಿನಕ್ಕೆ ಹೊರಡುವ ನಮ್ಮೂರಿನ ಗಂಡಸರಿಗೆ ಅಷ್ಟರೊಳಗೆ ಏನಾದರೂ ಕಲಿಸಿ ಅಂತ ಕೆಲವರು ಬಂದು ಕೇಳಿದರು. ಬಂದೂಕು ಹಿಡಿಯಲೂ ಬಾರದವರು, ಕೈಗೆ ಕೊಡಲು ಬಂದೂಕೂ ಇಲ್ಲ. "ಬಂದೂಕಿಗೇನು ಬರ, ನನ್ನ ಗ್ಯಾರೇಜಲ್ಲಿ ಗೋಡೆ ತುಂಬ ನೇತಾಡ್ತಿವೆ" ಅಂದೆ. ಹಳೆಯ ಮಾದರಿಯ ಕಲಾಶ್ನಿಕೊವ್‌ಗಳನ್ನೆಲ್ಲ ಇಳಿಸಿ ಬಿಚ್ಚಿದೆ. ನಕಲಿನ ತೂಕ ಕಡಿಮೆ, ಹಾಗೇ ಕೊಟ್ಟರೆ ನಿಜವಾದದ್ದು ಕೈಗೆ ಬಂದಾಗ ಇವರ ಭುಜ ಬಿದ್ದುಹೋಗುತ್ತದೆ. ಒಂದೊಂದರ ಮರದ ಬುಡವನ್ನೂ ಕೊರೆದು ಸೀಸ ಹುಯ್ದೆ. ಸ್ಪ್ರಿಂಗು ಬದಲಿಸಿದೆ, ಬ್ಯಾಟರಿ ಹೊಸದು ಹಾಕಿದೆ. ಈಗ ಕಣ್ಣು ಮುಚ್ಚಿಕೊಂಡು ಹಿಡಿದರೆ ನಿನಗೂ ವ್ಯತ್ಯಾಸ ತಿಳಿಯುವುದಿಲ್ಲ. ಸುಡು ಅಂದವಳೇ ಈಗ ಕೂತು ಎಲ್ಲರಿಗೂ ಕೆಂಪು ಬಟ್ಟೆ ಹೊಲಿದುಕೊಟ್ಟಿದ್ದಾಳೆ.

ಇಟ್ಟಿಗೆ ಕಾರ್ಖಾನೆಯ ಹಾಳು ಗೋಡೆಗಳ ನಡುವೆ ದಿನಾ ಆಟ. ಮೊದಮೊದಲು ಮಹಾ ಕಳ್ಳರು. ಗುಂಡು ಕಿವಿಗೇ ಬಿದ್ದರೂ "ಗಾಳಿ ಇರ್ಬೇಕು" ಅನ್ನುವವರು. ನಾನು ಬಿಡುತ್ತೇನೆಯೆ? ಈಗ ಹೇಳಬೇಕಾದ್ದೇ ಇಲ್ಲ. ತಾಕಿದ್ದೇ ತಡ, ಕೈ ತಾನಾಗಿ ಏಳುತ್ತದೆ. ಪಿಲಿಪ್ ಅಂತ ಒಬ್ಬನಿದ್ದಾನೆ, ಬೇಕರಿಯಲ್ಲಿ ರೊಟ್ಟಿ ಸುಡುವವನು, ನಲವತ್ತು ದಾಟಿದ ದೊಡ್ಡ ಆಳು. ಎದ್ದು ನಿಂತನೆಂದರೆ ಚರ್ಚಿನ ಗೋಪುರ. ಅವನಷ್ಟು ಬೇಗ ಯಾರೂ ಏಳುವುದಿಲ್ಲ. ಎಲ್ಲರೆದುರು ಶಹಭಾಸ್ ಅಂದೆ. ನನ್ನ ಮಗನನ್ನೇ ನೋಡಿದ ಹಾಗಾಗುತ್ತದೆ.

ತಿಂಗಳ ಕೊನೆಗೆ ಮೊದಲ ತಂಡ ಹೊರಡುತ್ತದೆ. ನೆಸ್ತೊರ್ ಕಲಿತದ್ದನ್ನೇ ಇವರೂ ಕಲಿತು ಹೋಗುತ್ತಿದ್ದಾರೆ, ಅದೇ ನನಗೆ ಸಮಾಧಾನ.

ಝೆನೋವಿ


11 ಜೂನ್ 2023

ಮಾಮ,

ಸ್ಲಾವ್ಕಾ ಬರುವವರೆಗೂ ಕಾಯಲಾರೆ. ಗಾಯಾಳುಗಳನ್ನು ಸಾಗಿಸುವ ಡ್ರೈವರನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಓದಿದ ಕೂಡಲೇ ಆ ಆಟ ನಿಲ್ಲಿಸಿ. ಕೆಂಪು ಬಟ್ಟೆಗಳನ್ನು ಕಿತ್ತುಕೊಳ್ಳಿ. ಯಾರೂ ಕೈ ಎತ್ತಬಾರದು. ಯಾರೂ ಎದ್ದು ನಿಲ್ಲಬಾರದು.

ಕೇಳಬೇಡಿ ಅಂತ ಕೈ ಮುಗಿದಿದ್ದೆ. ಈಗ ನಾನೇ ಹೇಳಬೇಕಾಗಿ ಬಂತು. ಸ್ತೆಫಾ ಅತ್ತೆ ಪಕ್ಕದಲ್ಲಿದ್ದರೆ ಆಚೆ ಹೋಗಿ ಓದಿಕೊಳ್ಳಿ.

ಅವತ್ತು ಬೆಳಿಗ್ಗೆ ಸಾಲುಮರಗಳ ಅಂಚಿನಲ್ಲಿ ಮಲಗಿದ್ದೆವು. ಮೊದಲ ಗುಂಡು ನೆಸ್ತೊರ್‌ನ ತೋಳನ್ನು ಗೀರಿಕೊಂಡು ಹೋಯಿತು. ಏನೂ ಅಲ್ಲದ ಗಾಯ, ಪಟ್ಟಿ ಸುತ್ತಿದ್ದರೆ ವಾರಕ್ಕೆ ವಾಸಿಯಾಗುತ್ತಿತ್ತು. ಅವನು ಎದ್ದು ನಿಂತ. ಬಲಗೈ ಮೇಲೆತ್ತಿದ. "ಬಿತ್ತು" ಅಂದ. ಎಡಗೈ ಪ್ಯಾಂಟಿನ ಜೇಬಿನಲ್ಲಿ ಏನನ್ನೋ ಹುಡುಕುತ್ತಿತ್ತು. ಏನು ಹುಡುಕುತ್ತಿತ್ತು ಅಂತ ನಿಮಗೆ ಹೇಳಬೇಕಾಗಿಲ್ಲ.

"ಮಲಕ್ಕೊಳೋ" ಅಂತ ಕಿರುಚಿದೆ. ಆಗ ಅವನಿಗೂ ಹೊಳೆಯಿತು ಮಾಮ, ನನ್ನ ಕಡೆ ತಿರುಗಿದ. ಆಟದಲ್ಲಿ ಎಡವಟ್ಟು ಮಾಡಿಕೊಂಡಾಗ ನಾಚಿಕೊಳ್ಳುತ್ತಿದ್ದನಲ್ಲ, ಅದೇ ಮುಖ. ಅಷ್ಟರಲ್ಲಿ ಎರಡನೆಯದು ಎದೆಗೆ ಬಂತು.

ಸೈನ್ಯದವರು ನಮಗೆ ಕಲಿಸಿದ್ದು ಕೆಲವು ವಾರ, ಕಾಡಿನಲ್ಲಿ ಅವನು ಆಡಿದ್ದು ಅರ್ಧ ಆಯುಷ್ಯ. ಕೈ ಎತ್ತಿದವನ ಮೇಲೆ ಯಾರೂ ಹೊಡೆಯುವುದಿಲ್ಲ ಅಂತ ಅವನ ಮೈಗೇ ಗೊತ್ತಿತ್ತು. ಇದನ್ನು ನಾನು ನಿಮಗೆ ಹೇಗೆ ಬರೆಯಲಿ? ಸಾಯುವವರೆಗೂ ಬರೆಯುತ್ತಿರಲಿಲ್ಲ. ಆದರೆ ಆ ಬೇಕರಿಯವನಿಗೆ ಶಹಭಾಸ್ ಅಂದೆ ಅಂತ ಬರೆದಿದ್ದೀರಿ.

ಕೊನೆಗೆ ಏನಂದ ಅಂತ ಕೇಳಿದ್ದಿರಿ. ಅಂದದ್ದು ಆ ಒಂದೇ ಮಾತು.

ಮಾರ್ಕೊ


2 ಜುಲೈ 2023

ಮಾಮ,

ಉತ್ತರವಿಲ್ಲ. ಸ್ಲಾವ್ಕಾ ಬಂದಿದ್ದಳು, ಗ್ಯಾರೇಜಿಗೆ ಬೀಗ ಬಿದ್ದಿದೆ, ಬಾಗಿಲು ತಟ್ಟಿದರೆ ಸ್ತೆಫಾ ಅತ್ತೆ ಒಳಗಿನಿಂದಲೇ "ಊರಲ್ಲಿಲ್ಲ" ಅಂದರು ಅಂತಾಳೆ. ಎಲ್ಲಿಗೆ ಹೋದಿರಿ? ನಿಮಗೆ ನೀವೇ ಏನಾದರೂ ಮಾಡಿಕೊಂಡಿಲ್ಲ ತಾನೆ?

ನನ್ನನ್ನು ಬೈಯಿರಿ, ಮುಖ ನೋಡುವುದಿಲ್ಲ ಅನ್ನಿ, ಏನಾದರೂ ಬರೆಯಿರಿ. ಆ ಕಾಗದ ಸಿಕ್ಕಿತೆ? ಅವರು ಹೊರಡುವ ಮೊದಲು ಸಿಕ್ಕಿತೆ?

ಮಾರ್ಕೊ


ದ್ರೊಹೊಬಿಚ್,
16 ಜುಲೈ 2023

ಮಾರ್ಕೊ,

ಸಿಕ್ಕಿತು. ಅಷ್ಟು ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು. ಹೇಳಿದ ದಿನಕ್ಕಿಂತ ಮುಂಚೆಯೇ ಬಸ್ಸು ಬಂತು. ಪಿಲಿಪ್ ಎಲ್ಲರಿಗೂ ಜೇನಿನಂಥ ಸಿಹಿ ಬನ್ನು ಹಂಚಿ ಹತ್ತಿದ.

ಸ್ತೆಫಾಳಿಗೆ ಮುಚ್ಚಿಡಲಿಲ್ಲ. ಪೂರ್ತಿ ಓದಿ ಹೇಳಿದೆ. ಅವಳು ಉಳಿದ ಕೆಂಪು ಬಟ್ಟೆಗಳನ್ನು ಒಲೆಗೆ ಹಾಕಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ನಾನೇ ಕೊಂದೆ ಅಂತ ನಾನು ಬರೆದರೆ ಅಲ್ಲ ಮಾಮ ಅಂತ ನೀನು ಬರೆಯುತ್ತೀಯ. ಆದ್ದರಿಂದ ಬರೆಯುವುದಿಲ್ಲ.

ನೆಸ್ತೊರ್‌ನ ಕಾರ್ಬೈನನ್ನು ಚೀಲಕ್ಕೆ ಹಾಕಿಕೊಂಡು, ಅವರನ್ನು ಕರೆದೊಯ್ದ ತರಬೇತಿ ಶಿಬಿರಕ್ಕೆ ರೈಲು ಹತ್ತಿದೆ. ಗೇಟಿನಲ್ಲಿ ಕಾವಲಿನವನು ಚೀಲ ತೆರೆಸಿದ. ಮರುಕ್ಷಣ ನಾನು ನೆಲದ ಮೇಲಿದ್ದೆ, ಬೆನ್ನ ಮೇಲೆ ಯಾರದೋ ಮೊಣಕಾಲು. ಮರ ಅಷ್ಟು ಹಳತಾಗಿ ಕಂಡಿತ್ತು, ಉಕ್ಕು ಅಷ್ಟು ಕಪ್ಪಗಿತ್ತು. ಜೀವಮಾನವಿಡೀ ಯಾರಾದರೂ ಹಾಗೆ ಮೋಸ ಹೋಗಲಿ ಅಂತ ಆಸೆಪಟ್ಟವನು ನಾನು, ಅವತ್ತು ಬಾಯಲ್ಲಿ ಮಣ್ಣು ತುಂಬಿತ್ತು. "ಆಟಿಕೆ ಕಣಪ್ಪಾ, ಆಟಿಕೆ" ಅಂತ ಕೂಗಿದೆ. ಅಧಿಕಾರಿಯೊಬ್ಬ ಬಂದು ನಳಿಗೆಯೊಳಗೆ ಇಣುಕಿ ನೋಡಿದ. "ಅಜ್ಜಾ, ಇದನ್ನ ಹಿಡ್ಕೊಂಡು ಇಲ್ಲಿಗೆ ಯಾಕ್ ಬಂದೆ, ಸಾಯೋಕಾ?" ಅಂದ. ಯಾಕೆ ಅಂತ ಹೇಳಿದೆ. ಮಗನ ವಿಷಯ ಹೇಳಿದೆ. ಅವನು ನನ್ನ ಅಂಗಿಯ ಮಣ್ಣು ಕೊಡವಿ ಒಳಗೆ ಕರೆದುಕೊಂಡು ಹೋದ.

ನಮ್ಮೂರಿನವರನ್ನು ಮೈದಾನದಲ್ಲಿ ಬೋರಲು ಮಲಗಿಸಿದರು. ನಾನು ಹಿಂದಿನಿಂದ ಒಬ್ಬೊಬ್ಬರಿಗೂ ಕಾರ್ಬೈನಿನಿಂದ ಪ್ಲಾಸ್ಟಿಕ್ ಗುಂಡು ಹೊಡೆದೆ. ಹೊಡೆದ ಹಾಗೆಲ್ಲ ಕೈ ಏಳುತ್ತದೆ. ಕೋಲು ತೆಗೆದುಕೊಂಡು ಎದ್ದ ಕೈ ಮೇಲೆ ಬಾರಿಸಿದೆ. "ಬಿದ್ದಿಲ್ಲ ಅನ್ರೋ, ಸುಳ್ಳು ಹೇಳ್ರೋ, ಕಳ್ಳರಾಗ್ರೋ" ಅಂತ ಬೈದೆ. ಒಬ್ಬ ತಲೆ ಎತ್ತಿ "ಯಜಮಾನ್ರೇ, ಹೋದ ತಿಂಗಳು ನಿಜ ಹೇಳಿಲ್ಲ ಅಂತ ಬೈದ್ರಿ, ಈಗ ಸುಳ್ಳು ಹೇಳಿಲ್ಲ ಅಂತ ಹೊಡೀತೀರಿ" ಅಂದ. ಎಲ್ಲರೂ ನಕ್ಕರು. ಅಧಿಕಾರಿ ಅವರನ್ನು ಬೈದು ಬಾಯಿ ಮುಚ್ಚಿಸಿದ. ದಿನಾ ಹೋದೆ. ಶಿಬಿರದ ಹತ್ತಿರವೇ ಒಬ್ಬ ಮುದುಕಿಯ ಮನೆಯಲ್ಲಿ ಉಳಿದಿದ್ದೆ. ಕೈ ಏಳುವುದು ನಿಂತ ಮೇಲೆ ಊರಿಗೆ ಬಂದೆ.

ಪಿಲಿಪ್ ಅಲ್ಲಿರಲಿಲ್ಲ. ಅವನು ಹಿಂದೆ ಸೈನ್ಯದಲ್ಲಿ ಲಾರಿ ಓಡಿಸಿದ್ದವನಂತೆ, ತರಬೇತಿ ಸಾಕು ಅಂತ ನೇರ ಮುಂದಕ್ಕೆ ಕಳಿಸಿದ್ದಾರೆ, ನಿಮ್ಮ ಕಡೆಗೇ. ಅಧಿಕಾರಿ ಗುಟ್ಟಾಗಿ ಹೇಳಿದ ತುಕಡಿಯ ಹೆಸರನ್ನು ಸ್ಲಾವ್ಕಾಳ ಬಾಯಲ್ಲಿ ಹೇಳಿ ಕಳಿಸಿದ್ದೇನೆ. ಅವನನ್ನು ಹುಡುಕು ಮಾರ್ಕೊ. ನಿನಗೆ ನಾನು ಹೇಳಿಕೊಡಬೇಕಾಗಿಲ್ಲ, ನೀನು ಅಲ್ಲಿ ಬಹಳ ಕಾಲ ಇದ್ದು ಪಳಗಿದವನು. ಅವನು ಹೊಸಬ. ನಾನು ಶಹಭಾಸ್ ಅಂದ ಕೈ ಅದು. ಅದು ಏಳದ ಹಾಗೆ ಮಾಡು. ಇದೊಂದನ್ನು ನನಗೆ ಮಾಡಿಕೊಡು.

ಝೆನೋವಿ


30 ಜುಲೈ 2023

ಝೆನೋವಿ ಮಾಮ,

ಪಿಲಿಪ್ ಸಿಕ್ಕಿದ. ಬದುಕಿದ್ದಾನೆ. ನಮ್ಮಿಂದ ಎರಡು ಹಳ್ಳಿ ಆಚೆ ಇದ್ದ, ಸಾಮಾನಿನ ಲಾರಿ ಹತ್ತಿ ಹೋದೆ. ಕಂದಕದಲ್ಲಿ ಕೂತು ಒಣ ರೊಟ್ಟಿಯನ್ನು ಮೂಸಿ ನೋಡುತ್ತ "ಇದನ್ನ ಸುಟ್ಟವನಿಗೆ ನಾಚಿಕೆ ಆಗಬೇಕು" ಅಂತಿದ್ದ. ನಿಮ್ಮ ಹೆಸರು ಹೇಳಿದ್ದಕ್ಕೆ ಎದ್ದು ತಬ್ಬಿಕೊಂಡ. ನೆಸ್ತೊರ್‌ನ ಸಂಗತಿ ಹೇಳಿದ ಮೇಲೆ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ. "ನಂದೂ ಏಳುತ್ತೆ ಅಂತೀಯಾ?" ಅಂದ. ನೋಡೋಣ ಮಲಗು ಅಂದೆ.

ನನ್ನ ಹತ್ತಿರ ಕಾರ್ಬೈನು ಇಲ್ಲ, ಸಣ್ಣ ಕಲ್ಲುಗಳನ್ನು ಆರಿಸಿಕೊಂಡೆ. ಮೊದಲ ಕಲ್ಲಿಗೇ ಎದ್ದ, ಅಷ್ಟೆತ್ತರದ ಆಳು, ಕೈ ಮೇಲೆ. ಬೈದೆ, ಮಲಗಿಸಿದೆ, ಮತ್ತೆ ಹೊಡೆದೆ. ಮಧ್ಯಾಹ್ನವೆಲ್ಲ ಹೊಡೆದೆ. ಅವನ ಜೊತೆಯವರು ಮೊದಲು ತಮಾಷೆ ನೋಡಿದರು, ಆಮೇಲೆ ಎದ್ದು ಆಚೆ ಹೋದರು. ಕೊನೆಕೊನೆಗೆ ಎಲ್ಲಿ ತಾಕಿದರೂ ಅವನು ನೆಲಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತಿದ್ದ. ಬೆನ್ನೆಲ್ಲ ಬಾಸುಂಡೆ. "ಆಯ್ತಾ ಮೇಷ್ಟ್ರೇ?" ಅಂದ. ಆಯಿತು, ನೀನು ಗೆದ್ದೆ ಅಂದೆ. ನಿಮಗೆ ಯಾವ ಮಾತಿನಲ್ಲಿ ಬರೆಯಬೇಕು ಅಂತ ಯೋಚನೆ ಮಾಡುತ್ತ, ಖುಷಿಯಲ್ಲೇ ಹೊರಟೆ.

ಸ್ವಲ್ಪ ದೂರ ಹೋಗಿದ್ದೆ. ಬೆನ್ನಿಗೆ ಒಂದು ಕಲ್ಲು ತಾಕಿತು. ತಮಾಷೆಗೆ ಎಸೆದದ್ದು, ಮೆಲ್ಲಗೆ. ತಿರುಗಿ ನೋಡಿದರೆ ಪಿಲಿಪ್‌ನ ಮುಖ ಬಿಳಿಚಿಕೊಂಡಿತ್ತು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಅದಕ್ಕಿಂತ ಮೇಲೆ ನೋಡುತ್ತಿದ್ದ. ಏನು ನೋಡುತ್ತಾನೆ ಅಂತ ನಾನೂ ತಲೆ ಎತ್ತಿದೆ. ನನ್ನ ಕೈ ಮೇಲಿತ್ತು ಮಾಮ.

ಯಾವಾಗ ಎತ್ತಿದೆ ಅಂತ ನನಗೆ ಗೊತ್ತಿಲ್ಲ. ಇಷ್ಟು ದಿನ ನನಗೆ ಒಂದು ಗುಂಡೂ ತಾಕಿರಲಿಲ್ಲ, ಅಷ್ಟೇ ಕಾರಣಕ್ಕೆ ಬದುಕಿದ್ದೇನೆ.

ಪಿಲಿಪ್ ನಗಲಿಲ್ಲ. ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದ, ಮಗುವಿನ ಕೈ ಇಳಿಸುವ ಹಾಗೆ. "ಬಾ, ಮಲಕ್ಕೋ, ಈಗ ನಾನು ಹೊಡೀತೀನಿ" ಅಂದ. ಲಾರಿ ಹೊರಡುವವರೆಗೂ ಹೊಡೆದ. ಇನ್ನೂ ಸರಿಹೋಗಿಲ್ಲ. ನಾಳೆಯೂ ಬಾ ಅಂದಿದ್ದಾನೆ.

ಮಾರ್ಕೊ